ಸಿಲಿಕಾನಿಗೂ ಒಂದು ಹದ

ಮುಧೋಳ ತಾಲೂಕಿನ ನಮ್ಮ ತಿಮ್ಮಾಪುರದಲ್ಲಿ ಕಾರ್ಖಾನೆ ಎಂದರೆ ಸಕ್ಕರೆ ಕಾರ್ಖಾನೆ. ರೈತರ ಸಹಕಾರಿ ಕಾರ್ಖಾನೆ ಊರಲ್ಲೇ ಇದೆ. ಸುತ್ತ ಘಟಪ್ರಭೆಯ ನೀರು, ಕಬ್ಬು, ಬೆಲ್ಲದ ಗಾಣ. ಅತ್ತ ರಬಕವಿ-ಬನಹಟ್ಟಿಗೆ ಹೋದರೆ ಮಗ್ಗದ ಸದ್ದು. ಇಲ್ಲಿ ಬೆಳೆದ ನಾನು ಈಗ ಬೆಂಗಳೂರಿನಲ್ಲಿ ಅರೆವಾಹಕಗಳ ಮೇಲೆ ಪಿಎಚ್.ಡಿ. ಮಾಡುತ್ತಿದ್ದೇನೆ. ಮೊದಲೆಲ್ಲ ಊರವರಿಗೆ ಇದನ್ನು ವಿವರಿಸುವುದೇ ಕಷ್ಟವಾಗಿತ್ತು. ಸಾನಂದ್, ಧೋಲೇರಾ ಎಂಬ ಗುಜರಾತಿನ ಊರುಗಳ ಹೆಸರು ಟೀವಿಯಲ್ಲಿ ಬರತೊಡಗಿದ ಮೇಲೆ ಆ ಕಷ್ಟ ತಪ್ಪಿತು. ಬದಲಿಗೆ ಬೇರೆ ಪ್ರಶ್ನೆ ಬಂತು.

ನನ್ನ ಕಾಕಾನ ಮಗಳು ಈ ಸಲ ಸಿಇಟಿ ಬರೆದಳು. ಇಂಜಿನಿಯರಿಂಗ್ ಸೀಟುಗಳ ಪಟ್ಟಿಯಲ್ಲಿ ಈಗ ವಿಎಲ್‌ಎಸ್‌ಐ, ಅಂದರೆ ಚಿಪ್ ವಿನ್ಯಾಸದ ಹೆಸರು ಹೊತ್ತ ಶಾಖೆಯೂ ಇದೆ; ಎಐಸಿಟಿಇ 2023ರಲ್ಲಿ ಅದಕ್ಕೆಂದೇ ಮಾದರಿ ಪಠ್ಯಕ್ರಮ ಹೊರಡಿಸಿತು. ಕಾಕಾ ಫೋನು ಮಾಡಿದ. "ತಂಗೀ, ಈ ಚಿಪ್ಪಿಂದು ಕಲಿಸಿದ್ರ ನೌಕರಿ ಗ್ಯಾರಂಟಿ ಅಂತಾರಲ್ಲ, ಖರೇ ಏನು?" ಅವನ ಲೆಕ್ಕದಲ್ಲಿ ಒಂದು ಹಂಗಾಮಿನ ಕಬ್ಬಿನ ಬಿಲ್ಲು ಪೂರ್ತಿ ಇತ್ತು, ಮೇಲೊಂದಿಷ್ಟು ಸಾಲವೂ ಇತ್ತು. ಹೌದು ಅಂತಲೋ ಇಲ್ಲ ಅಂತಲೋ ಒಂದೇ ಮಾತಲ್ಲಿ ಹೇಳಿ ಮುಗಿಸುವ ಹಾಗಿರಲಿಲ್ಲ.

ಈ ವಿದ್ಯೆ ನನ್ನ ಕೈಗೆ ಹೇಗೆ ಬಂತು ಎಂದು ನೆನೆದೆ. ಎಂ.ಟೆಕ್. ಮುಗಿಯುವವರೆಗೆ ನಾನು ಟ್ರಾನ್ಸಿಸ್ಟರನ್ನು ಕಂಡಿದ್ದು ಕಪ್ಪುಹಲಗೆಯ ಮೇಲೆ ಮತ್ತು ಕಂಪ್ಯೂಟರಿನ ಪರದೆಯ ಮೇಲೆ ಮಾತ್ರ. ಕೇಂದ್ರ ಸರಕಾರದ ನೆರವಿನಿಂದ 2008ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆ ಮತ್ತು ಐಐಟಿ ಬಾಂಬೆಗಳಲ್ಲಿ ಶುರುವಾದ ಐಎನ್‌ಯುಪಿ ಎಂಬ ಕಾರ್ಯಕ್ರಮವಿದೆ. ಅಂಥ ಪ್ರಯೋಗಶಾಲೆ ಇಲ್ಲದ ಕಾಲೇಜಿನವರು ಪ್ರಸ್ತಾವನೆ ಬರೆದು ಕಳಿಸಿ, ಒಪ್ಪಿಗೆಯಾದರೆ ಅಲ್ಲಿಗೆ ಹೋಗಿ ಕೆಲಸ ಕಲಿಯಬಹುದು. ಹಾಗೆ ನಾನು ವಿಜ್ಞಾನ ಸಂಸ್ಥೆಯ ನ್ಯಾನೊ ಕೇಂದ್ರದ ಕ್ಲೀನ್‌ರೂಮಿಗೆ ಕಾಲಿಟ್ಟೆ. ಸುಮಾರು 14,000 ಚದರಡಿಯ ಜಾಗ. ಅದರ ಅತಿ ಶುದ್ಧವಾದ ಭಾಗದಲ್ಲಿ ಒಂದು ಘನ ಅಡಿ ಗಾಳಿಯಲ್ಲಿ ಅರ್ಧ ಮೈಕ್ರಾನಿಗಿಂತ ದೊಡ್ಡ ಧೂಳಿನ ಕಣ ನೂರು ಮೀರುವಂತಿಲ್ಲ.

ಅಲ್ಲಿ ಕಲಿತ ಒಂದು ಸಣ್ಣ ಸಂಗತಿ ಹೇಳುತ್ತೇನೆ. ಸಿಲಿಕಾನ್ ಬಿಲ್ಲೆಯ ಮೇಲಿನ ಆಕ್ಸೈಡ್ ಪದರವನ್ನು ಆಮ್ಲದಲ್ಲಿ ಕರಗಿಸಿ ತೆಗೆಯಬೇಕು. ಎಷ್ಟು ಹೊತ್ತು ಎಂದು ಪುಸ್ತಕ ಹೇಳುತ್ತದೆ, ಆದರೆ ದ್ರಾವಣ ಹಳತಾದಂತೆ ಆ ಹೊತ್ತು ಬದಲಾಗುತ್ತದೆ. ಬಿಲ್ಲೆಯನ್ನು ತೊಳೆದು ಎತ್ತಿ ಹಿಡಿದು ನೋಡಬೇಕು: ನೀರು ತೆಳುವಾಗಿ ಹರಡಿ ನಿಂತರೆ ಆಕ್ಸೈಡ್ ಇನ್ನೂ ಇದೆ, ಹನಿಗಟ್ಟಿ ಜಾರಿದರೆ ಬರಿಯ ಸಿಲಿಕಾನ್ ಉಳಿದಿದೆ. ನನಗೆ ಗಾಣದ ಕೊಪ್ಪರಿಗೆಯ ಮುಂದೆ ನಿಲ್ಲುತ್ತಿದ್ದ ನಮ್ಮೂರಿನ ಹಿರಿಯರು ನೆನಪಾದರು. ಕುದಿಯುವ ಪಾಕವನ್ನು ಒಂದಿಷ್ಟು ತಣ್ಣೀರಿಗೆ ಬಿಟ್ಟು, ಬೆರಳಲ್ಲಿ ಉಂಡೆ ಕಟ್ಟಿ ನೋಡಿ, "ಹದಕ್ಕ ಬಂತು, ಇಳಸ್ರಿ" ಅನ್ನುತ್ತಿದ್ದರು. ಗಡಿಯಾರ ನೋಡುತ್ತಿರಲಿಲ್ಲ.

ಈ ಹದ ಕಲಿಸುವುದೇ ಅರೆವಾಹಕದ ವಿಷಯದಲ್ಲಿ ವಿಶ್ವವಿದ್ಯಾಲಯದ ಮೊದಲ ಕೆಲಸ ಎಂದು ನನಗನಿಸುತ್ತದೆ. ಕಾರ್ಖಾನೆಯಲ್ಲಿ ಒಂದು ಬಿಲ್ಲೆ ಕೆಟ್ಟರೆ ನಷ್ಟ. ಅಲ್ಲಿ ಹೊಸಬರಿಗೆ ಕೆಡಿಸಿ ಕಲಿಯುವ ಅವಕಾಶವಿಲ್ಲ. ವಿಶ್ವವಿದ್ಯಾಲಯದಲ್ಲಿ ಅದಿದೆ. ವಿಜ್ಞಾನ ಸಂಸ್ಥೆಯಲ್ಲಿ ಗ್ಯಾಲಿಯಂ ನೈಟ್ರೈಡ್ ಮೇಲೆ ವರ್ಷಗಟ್ಟಲೆ ನಡೆದ ಸಂಶೋಧನೆಯಿಂದ ಆಗ್ನಿಟ್ ಎಂಬ ಕಂಪನಿ ಹುಟ್ಟಿಕೊಂಡಿತು.

ಹಾಗಂತ ಎಲ್ಲ ಕಾಲೇಜುಗಳಿಗೂ ಕ್ಲೀನ್‌ರೂಮು ಕಟ್ಟಲಾಗದು, ಕಟ್ಟಬೇಕಾಗಿಯೂ ಇಲ್ಲ. ಚಿಪ್ ವಿನ್ಯಾಸದ ತಂತ್ರಾಂಶಗಳು ವಿಪರೀತ ದುಬಾರಿ. ಅವುಗಳನ್ನು ಬೆಂಗಳೂರಿನ ಸಿ-ಡ್ಯಾಕ್‌ನಲ್ಲಿರುವ ಚಿಪ್‌ಇನ್ ಕೇಂದ್ರ ದೂರದ ಕಾಲೇಜುಗಳಿಗೂ ಒದಗಿಸುತ್ತದೆ. ವಿದ್ಯಾರ್ಥಿಗಳು ರೂಪಿಸಿದ ಚಿಪ್‌ಗಳನ್ನು ಮೊಹಾಲಿಯ ಸರಕಾರಿ ಪ್ರಯೋಗಾಲಯದಲ್ಲಿ ತಯಾರಿಸಿಕೊಡುವ ಏರ್ಪಾಡೂ ಇದೆ. ಬಾಗಲಕೋಟೆ ಜಿಲ್ಲೆಯ ಹುಡುಗಿಯೊಬ್ಬಳು ತಾನೇ ಬಿಡಿಸಿದ ಚಿಪ್ಪನ್ನು ಅಂಗೈಯಲ್ಲಿ ಹಿಡಿಯುವುದು ಇವತ್ತು ಆಗದ ಮಾತೇನಲ್ಲ. ಅವಳ ಕಾಲೇಜಿನ ಮೇಷ್ಟ್ರು ಆ ಬಾಗಿಲು ತಟ್ಟಬೇಕು, ಅಷ್ಟೇ.

ಕಾಕಾ ಇನ್ನೊಂದು ಕೇಳಿದ: "ನಮ್ಮ ಕಡೆ ಇದರ ಕಾರ್ಖಾನಿ ಬರತೈತೇನು?" ಬರಲಿಕ್ಕಿಲ್ಲ ಅಂದೆ. ಅದಕ್ಕೆ ಸಾವಿರಾರು ಕೋಟಿ ರೂಪಾಯಿ ಬೇಕು, ಕ್ಷಣವೂ ಹೋಗದ ಕರೆಂಟು ಬೇಕು, ಅತಿ ಶುದ್ಧ ನೀರು ಬೇಕು. ಆದರೆ ನಮ್ಮ ಸೀಮೆಯ ಪ್ರಶ್ನೆಗಳು ಪ್ರಯೋಗಶಾಲೆಗೆ ಹೋಗಬಹುದಲ್ಲ? ಕಬ್ಬಿನ ಎಫ್‌ಆರ್‌ಪಿ ಈಗ ಶೇ. 10.25 ಸಕ್ಕರೆ ಇಳುವರಿಯ ಲೆಕ್ಕದ ಮೇಲೆ ನಿಂತಿದೆ. ಅದಕ್ಕಿಂತ ಹೆಚ್ಚು ಬಂದರೆ ದರವೂ ಹೆಚ್ಚು. ಆ ಇಳುವರಿ ಇಡೀ ಕಾರ್ಖಾನೆಯದು. ತನ್ನ ಹೊಲದ ಕಬ್ಬಿನಲ್ಲಿ ಎಷ್ಟು ಸಕ್ಕರೆ ಇದೆ ಎಂದು ಅಳೆಯಲು ರೈತನ ಕೈಯಲ್ಲಿ ಏನೂ ಇರುವುದಿಲ್ಲ. ಕೈಯಲ್ಲಿ ಹಿಡಿಯುವ ಬ್ರಿಕ್ಸ್ ಮಾಪಕ ಸಿಗುತ್ತದೆ ನಿಜ, ಆದರೆ ಅದು ರಸದಲ್ಲಿ ಕರಗಿದ್ದನ್ನೆಲ್ಲ ಒಟ್ಟಿಗೆ ಎಣಿಸುತ್ತದೆ, ಸಕ್ಕರೆಯನ್ನು ಬೇರೆ ಮಾಡಿ ತೋರಿಸುವುದಿಲ್ಲ. ಸಕ್ಕರೆಯನ್ನಷ್ಟೇ ಗುರುತಿಸುವ ಅಗ್ಗದ ಸೆನ್ಸರ್ ಚಿಪ್ ಒಂದು ಒಳ್ಳೆಯ ಸಂಶೋಧನೆಯ ವಿಷಯ. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ ಇರುವುದು ಬೆಳಗಾವಿಯಲ್ಲಿ, ಎಸ್. ನಿಜಲಿಂಗಪ್ಪ ಸಕ್ಕರೆ ಸಂಸ್ಥೆ ಇರುವುದೂ ಬೆಳಗಾವಿಯಲ್ಲೇ. ಎರಡೂ ಕಡೆಯ ಮಕ್ಕಳನ್ನು ಒಂದು ಮೇಜಿನ ಸುತ್ತ ಕೂರಿಸಲು ಬೆಂಗಳೂರಿನ ಅಪ್ಪಣೆ ಬೇಕಿಲ್ಲ.

ಕೊನೆಗೆ ಕಾಕಾನಿಗೆ ಹೇಳಿದ್ದು ಇಷ್ಟು: ಗ್ಯಾರಂಟಿ ಯಾರೂ ಕೊಡುವುದಿಲ್ಲ. ದುಡ್ಡು ಕಟ್ಟುವ ಮೊದಲು ಕಾಲೇಜಿಗೆ ಹೋಗಿ ಮೂರು ಮಾತು ಕೇಳು. ವಿನ್ಯಾಸದ ತಂತ್ರಾಂಶ ಮಕ್ಕಳ ಕೈಗೆ ವಾರಕ್ಕೆ ಎಷ್ಟು ತಾಸು ಸಿಗುತ್ತದೆ? ಇಲ್ಲಿಯವರೆಗೆ ಯಾರಾದರೂ ಐಎನ್‌ಯುಪಿಗೆ ಹೋಗಿ ಬಂದಿದ್ದಾರೆಯೇ? ಕಲಿಸುವವರು ಒಂದಾದರೂ ಚಿಪ್ಪನ್ನು ತಾವೇ ಪರೀಕ್ಷಿಸಿ ನೋಡಿದ್ದಾರೆಯೇ?

ತಂದೆ ಮಗಳಿಬ್ಬರೂ ಎರಡು ಕಾಲೇಜು ಸುತ್ತಿದರು. ಒಂದರಲ್ಲಿ ಕಟ್ಟಡ ತೋರಿಸಿದರಂತೆ. ಇನ್ನೊಂದರಲ್ಲಿ ಒಬ್ಬ ಮೇಡಂ ಮೂರನೆಯ ಪ್ರಶ್ನೆಗೆ ನಕ್ಕು, ಒಳಗೆ ಕರೆದುಕೊಂಡು ಹೋಗಿ, ಸೂಕ್ಷ್ಮದರ್ಶಕದ ಕೆಳಗೆ ಒಂದು ಚಿಪ್ ಇಟ್ಟು ಇವಳಿಗೆ ನೋಡಲು ಹೇಳಿದರಂತೆ. ಸೀಟು ಹಂಚಿಕೆ ಇನ್ನೂ ಆಗಿಲ್ಲ. "ಅಕ್ಕಾ, ಅದು ಥೇಟ್ ಹೊಲದ ಬದು ಹಾಕಿದಂಗ ಕಾಣತಿತ್ತು" ಎಂದು ಅವಳು ರಾತ್ರಿ ಮೆಸೇಜು ಮಾಡಿದ್ದಳು. ಆ ಬದುಗಳನ್ನು ಹಾಕುವುದು ಹೇಗೆ ಎಂದು ಅವಳು ಕೇಳತೊಡಗಿದ್ದಾಳೆ. ನಾನು ದಿನಕ್ಕೊಂದಿಷ್ಟು ಬರೆದು ಕಳಿಸುತ್ತಿದ್ದೇನೆ.