ಬುತ್ತಿಯೊಳಗಿನ ಭಾಷೆ

“ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಕಂಪ್ಯೂಟರ್ ವಿದ್ಯೆ ಒಗ್ಗೀತೆ?” ರಾಯದುರ್ಗದಲ್ಲಾಗಲಿ ಮಡಕಶಿರದಲ್ಲಾಗಲಿ ಪೋಷಕರು ನನ್ನನ್ನು ಕೇಳುವ ಪ್ರಶ್ನೆಯಿದು. ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ತನ್ನ ಕೆಲಸವನ್ನು ಕನ್ನಡದಲ್ಲಿಯೇ ನನಗೆ ವಿವರಿಸಿದ. ಅದನ್ನೇ ಉತ್ತರವಾಗಿ ನಿಮ್ಮ ಮುಂದಿಡುತ್ತೇನೆ.

ಒಂದು ಪ್ರೋಗ್ರಾಮನ್ನೂ ಅದಕ್ಕೆ ಬೇಕಾದ ಕಡತಗಳನ್ನೂ ಒಟ್ಟಿಗೆ ಕಟ್ಟಿದ ಬುತ್ತಿಗೆ ಇಮೇಜ್ ಎಂದು ಹೆಸರು. ಅದನ್ನು ಬಿಚ್ಚಿ ನಡೆಸಿದರೆ ಕಂಟೇನರ್. 2013ರಲ್ಲಿ ಹೊರಬಂದ ಡಾಕರ್ ಎಂಬ ಸಾಧನದಿಂದ ಈ ಪದ್ಧತಿ ಎಲ್ಲೆಡೆ ಹರಡಿತು. ಬಿಚ್ಚಿದೊಡನೆ ಯಾವ ಕೆಲಸ ನಡೆಯಬೇಕೆಂದು ಕಟ್ಟುವಾಗಲೇ ಬರೆದಿಡುತ್ತಾರೆ. ಎಂಟ್ರಿಪಾಯಿಂಟ್ ಎಂಬ ಸಾಲು ಮಾಡಬೇಕಾದ ಕೆಲಸವನ್ನು ಹೇಳುತ್ತದೆ. ನಡೆಸುವವರು ಬೇರೇನೂ ಹೇಳದಿದ್ದರೆ ಆ ಕೆಲಸಕ್ಕೆ ಏನು ಕೊಡಬೇಕೆಂದು ಸಿಎಂಡಿ ಎಂಬ ಸಾಲು ಹೇಳುತ್ತದೆ. ವ್ಯಾಕರಣದ ಮಾತಿನಲ್ಲಿ ಮೊದಲನೆಯದು ಕ್ರಿಯಾಪದ, ಎರಡನೆಯದು ಬದಲಿಸಬಹುದಾದ ಕರ್ಮಪದ.

ಊರಿಂದೂರಿಗೆ ಬದಲಾಗುವ ಸಂಗತಿಗಳನ್ನು ಬುತ್ತಿಯೊಳಗೆ ಕಟ್ಟದೆ, ಪ್ರಾರಂಭಿಸುವಾಗ ಹೊರಗಿನಿಂದ ತಿಳಿಸುತ್ತಾರೆ. ಇವೇ ಎನ್ವಿರಾನ್‌ಮೆಂಟ್ ವೇರಿಯಬಲ್‌ಗಳು. ಬೀಜಗಣಿತದ ಚರಾಕ್ಷರದಂತೆ ಹೆಸರು ಒಂದೇ, ಬೆಲೆ ಬೇರೆ. ಪಾಸ್‌ವರ್ಡನ್ನಂತೂ ಒಳಗೆ ಬರೆಯಲೇಬಾರದು. ಬುತ್ತಿ ಕೈಗೆ ಸಿಕ್ಕವರು ಅದನ್ನು ಓದಬಲ್ಲರು.

ಗಡಿನಾಡಿನ ನಮಗೆ ಇದು ಹೊಸತಲ್ಲ. ಬಳ್ಳಾರಿ ಜಿಲ್ಲೆಯಲ್ಲಿದ್ದ ರಾಯದುರ್ಗ 1953ರಲ್ಲಿ ಆಂಧ್ರದ ಅನಂತಪುರ ಜಿಲ್ಲೆಗೆ ಸೇರಿತು. ಅನಂತಪುರದಲ್ಲಿದ್ದ ಮಡಕಶಿರ 2022ರಲ್ಲಿ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿತು. ಊರು ಅದೇ, ಜನ ಅವರೇ. ವಿಳಾಸದ ಸಾಲು ಬದಲಾಯಿತು. ಜಿಲ್ಲೆಯ ಹೆಸರನ್ನು ಒಳಗೇ ಬರೆದಿದ್ದರೆ ಬುತ್ತಿಯನ್ನೇ ಹೊಸದಾಗಿ ಕಟ್ಟಬೇಕಾಗುತ್ತದೆ. ಹೊರಗಿನಿಂದ ತಿಳಿಸುವಂತಿದ್ದರೆ ಒಂದು ಪದ ಬದಲಿಸಿ, ಮತ್ತೆ ಪ್ರಾರಂಭಿಸಿದರೆ ಸಾಕು.

ನನ್ನ ಮನಸ್ಸಿನಲ್ಲಿ ನಿಂತದ್ದು ಅವನ ಇನ್ನೊಂದು ಮಾತು. ‘ಲ್ಯಾಂಗ್’ ಎಂಬ ಚರಾಕ್ಷರಕ್ಕೆ ಕನ್ನಡವೆಂದು ಬೆಲೆ ಕೊಟ್ಟರೆ ಪ್ರೋಗ್ರಾಮು ತನ್ನ ಸೂಚನೆಗಳನ್ನು ಕನ್ನಡದಲ್ಲಿ ತೋರಿಸಬಲ್ಲದು, ತೆಲುಗೆಂದರೆ ತೆಲುಗಿನಲ್ಲಿ. ಆದರೆ ಆ ಭಾಷೆಯ ಕಡತಗಳು ಬುತ್ತಿಯೊಳಗೆ ಇರಬೇಕು. ಎಷ್ಟೋ ಬಾರಿ ಜಾಗ ಉಳಿಸಲೆಂದು ಅವನ್ನು ಬಿಟ್ಟಿರುತ್ತಾರೆ. ಆಗ ಹೊರಗಿನಿಂದ ಎಷ್ಟು ಸಲ ಕನ್ನಡವೆಂದು ಹೇಳಿದರೂ ಬರುವುದು ಇಂಗ್ಲಿಷೇ.

ಮಕ್ಕಳ ವಿಷಯವೂ ಹೀಗೆಯೇ ಅಲ್ಲವೆ? ಪೇಟೆಯಲ್ಲಿ ತೆಲುಗು ಬೇಕು, ಕಾಲೇಜಿನಲ್ಲಿ ಇಂಗ್ಲಿಷ್ ಬೇಕು ಎಂದು ಪರಿಸರವೇ ಕೇಳುತ್ತದೆ. ಅವನ್ನೂ ಚೆನ್ನಾಗಿ ಕಲಿಯಿರಿ. ಆದರೆ ಕನ್ನಡವನ್ನು ಬುತ್ತಿ ಕಟ್ಟುವ ಈ ವಯಸ್ಸಿನಲ್ಲಿಯೇ ಒಳಗಿಟ್ಟುಕೊಳ್ಳಬೇಕು. ಜಾಗ ಸಾಲದೆಂದು ಪೋಷಕರು ಅದನ್ನು ಬಿಡದಿರಲಿ ಎಂಬುದು ನನ್ನ ಪ್ರಾರ್ಥನೆ.