ತರಗೆಲೆಯ ನಡುವೆ ನವರಂಗ

ಮಳೆಗಾಲ ಹಿಂದೆ ಸರಿದು ಅಕ್ಟೋಬರ್ ಬಂತೆಂದರೆ ಬೆಂಗಳೂರಿನ ಲಾಲ್‌ಬಾಗಿನಂಥ ಹಳೆಯ ತೋಟಗಳಲ್ಲಿ, ಬಿದಿರು ಮೆಳೆಯ ಬುಡದಲ್ಲಿ, ದೂರದ ಹಕ್ಕಿಯೊಂದು ಬಂದಿಳಿಯುವುದುಂಟು. ಬೆಳಗಿನ ವಾಯುಸೇವನೆಗೆ ಬಂದವರು ಹತ್ತು ಮಾರು ಅಂತರದಲ್ಲೇ ನಡೆದುಹೋದರೂ ಅದು ಕಣ್ಣಿಗೆ ಬೀಳುವುದು ಅಪರೂಪ. ಅದೇ ನವರಂಗ.

ಗಾತ್ರದಲ್ಲಿ ಮೈನಾಗಿಂತ ತುಸು ಚಿಕ್ಕದು, ಬಾಲವಂತೂ ಮೋಟು. ಬೆನ್ನು ಹಸಿರು, ರೆಕ್ಕೆಯ ಮೇಲೂ ಬಾಲದ ಬುಡದಲ್ಲೂ ಹೊಳೆಯುವ ನೀಲಿ, ಗಂಟಲು ಬಿಳಿ, ಎದೆ ಗೋಧಿ ಬಣ್ಣ. ಕಣ್ಣಿಗೆ ದಪ್ಪನಾಗಿ ಕಾಡಿಗೆ ತೀಡಿದಂತೆ ಕಪ್ಪು ಪಟ್ಟಿ. ಹೊಟ್ಟೆಯ ಕೆಳಗೆ ಕುಂಕುಮ ಚೆಲ್ಲಿದಂಥ ಕೆಂಪು. ಎಣಿಸುತ್ತ ಹೋದರೆ ಒಂಬತ್ತು ತುಂಬುವುದು ಕಷ್ಟವೇ, ಆದರೆ ಹೆಸರಿಟ್ಟವರ ಮೇಲೆ ಯಾರೂ ದೂರು ಹೇಳಲಾರರು! ಗಂಡು ಹೆಣ್ಣುಗಳ ನಡುವೆ ಬಣ್ಣದ ಭೇದವಿಲ್ಲ. ವಿಜ್ಞಾನಿಗಳು ಬಳಸುವ 'ಪಿಟ್ಟ' ಎಂಬ ಹೆಸರು ತೆಲುಗಿನದು. ಪುಟ್ಟ ಹಕ್ಕಿ ಎಂದಷ್ಟೇ ಅದರ ಅರ್ಥ. ಮುಂಜಾನೆ, ಮುಸ್ಸಂಜೆಗಳಲ್ಲಿ ಎರಡು ಸ್ವರದ ಸಿಳ್ಳೆ ಹಾಕುವುದರಿಂದ ತಮಿಳರು ಇದನ್ನು 'ಆರುಮಣಿ ಕುರುವಿ', ಅಂದರೆ ಆರು ಗಂಟೆಯ ಹಕ್ಕಿ ಎನ್ನುತ್ತಾರೆ.

ಹಿಮಾಲಯದ ತಪ್ಪಲು, ಮಧ್ಯಭಾರತದ ಕಾಡುಗಳು, ಪಶ್ಚಿಮಘಟ್ಟದ ಕೆಲವು ಭಾಗಗಳು ನವರಂಗದ ತವರು. ಮುಂಗಾರಿನಲ್ಲಿ ಹುಳುಹುಪ್ಪಟೆ ಹೆಚ್ಚಿದಾಗ ಅಲ್ಲಿ ಕಡ್ಡಿ, ಬೇರು, ಒಣಎಲೆ ಸೇರಿಸಿ ಚೆಂಡಿನಾಕಾರದ ಗೂಡು ಕಟ್ಟಿ ಮರಿ ಮಾಡುತ್ತದೆ. ಮಳೆ ನಿಂತ ಮೇಲೆ ದಕ್ಷಿಣಕ್ಕೆ ಪಯಣ. ಚಳಿಗಾಲ ಕಳೆಯುವುದು ದಕ್ಷಿಣ ಭಾರತದಲ್ಲಿ. ಕೆಲವು ಸಮುದ್ರ ದಾಟಿ ಶ್ರೀಲಂಕಾವನ್ನೂ ಸೇರುತ್ತವೆ.

ಈ ಪಯಣವೆಲ್ಲ ರಾತ್ರಿಯ ಹೊತ್ತು. ದಣಿದ ಹಕ್ಕಿ ಒಮ್ಮೊಮ್ಮೆ ಮನೆಯಂಗಳಕ್ಕೆ, ಕೆಲವೊಮ್ಮೆ ಮನೆಯೊಳಕ್ಕೇ ಬಂದು ಬೀಳುವುದುಂಟು. ಮಕ್ಕಳು ಮುತ್ತಿಕೊಂಡು ಮುಟ್ಟಿ ನೋಡಹೊರಟರೆ ಅದು ಇನ್ನಷ್ಟು ಬೆದರುತ್ತದೆ. ಗಾಳಿಯಾಡಲು ತೂತು ಕೊರೆದ ರಟ್ಟಿನ ಪೆಟ್ಟಿಗೆಯಲ್ಲಿಟ್ಟು, ಬೆಕ್ಕು ನಾಯಿಗಳಿಗೆ ಸಿಗದಂತೆ ಕತ್ತಲೆಯ ಮೂಲೆಯಲ್ಲಿ ಬಿಟ್ಟರೆ ಸಾಕು. ಬಾಯಿಗೆ ನೀರು ಸುರಿಯಬಾರದು. ಚೇತರಿಸಿಕೊಂಡದ್ದನ್ನು ಹತ್ತಿರದ ಪೊದೆಯ ಬಳಿ ಬಿಡಬೇಕು. ಗಾಯವಾಗಿದ್ದರೆ ಅರಣ್ಯ ಇಲಾಖೆಗೆ ತಿಳಿಸಬೇಕು.

ತೋಟದಲ್ಲಿ ಇಳಿದ ಹಕ್ಕಿಗೆ ಮೊದಲು ಬೇಕಾದದ್ದು ಊಟ. ಅದು ಕೊಂಬೆಯಲ್ಲಿ ಸಿಗುವುದಿಲ್ಲ. ಕುಪ್ಪಳಿಸುತ್ತ, ಕೊಕ್ಕಿನಿಂದ ತರಗೆಲೆ ಮಗುಚಿ ಹುಳುಗಳನ್ನು ಹೆಕ್ಕಬೇಕು. ನಗರದ ಉದ್ಯಾನಗಳಲ್ಲಾದರೋ ನಸುಕಿನಲ್ಲೇ ಎಲೆ ಗುಡಿಸಿ ರಾಶಿ ಹಾಕುವುದು, ಎಷ್ಟೋ ಕಡೆ ಬೆಂಕಿ ಇಡುವುದು 'ಸ್ವಚ್ಛತೆ' ಎನಿಸಿಕೊಂಡಿದೆ. ನಡೆಯುವ ದಾರಿಯನ್ನು ಗುಡಿಸಲಿ, ತಕರಾರಿಲ್ಲ. ಮರದ ಬುಡವನ್ನೂ ಬೋಳಿಸಿದರೆ ನೂರಾರು ಮೈಲಿ ಹಾರಿಬಂದ ಹಕ್ಕಿ ಎಲ್ಲಿ ಹುಡುಕಬೇಕು?

ಅದನ್ನು ಕಾಣಬೇಕೆನ್ನುವವರು ಗುಡಿಸದ ಮೂಲೆಯೊಂದನ್ನು ಆರಿಸಿ ಸದ್ದಿಲ್ಲದೆ ಕೂರಬೇಕು. ಗಾಳಿಯಿಲ್ಲದಿದ್ದರೂ ಎಲೆಗಳು ಸರಸರ ಅಂದರೆ ಅತ್ತ ಕಣ್ಣು ನೆಡಿ. ಏಪ್ರಿಲ್–ಮೇ ಹೊತ್ತಿಗೆ ಅದು ಮತ್ತೆ ಉತ್ತರದ ದಾರಿ ಹಿಡಿದಿರುತ್ತದೆ.