ಪಕ್ಕವಾದ್ಯ

ನಮ್ಮ ಮನೆಯ ಅಲಮಾರಿನಲ್ಲಿ, ನಿಘಂಟಿನ ಎರಡನೆಯ ಸಂಪುಟದ ಮೇಲೆ, ಒಂದು ಲಕೋಟೆ ಹದಿನೈದು ದಿನ ಬಿದ್ದಿತ್ತು. ಅದರೊಳಗೆ ಎಷ್ಟು ಹಣವಿದೆಯೆಂದು ಯಾರೂ ನೋಡಿರಲಿಲ್ಲ. ನೋಡುವ ಆಸೆ ನನಗೇನೋ ಇತ್ತು. ಆದರೆ ಕಾಲೇಜಿನಲ್ಲಿ ಇಪ್ಪತ್ತು ವರ್ಷಗಳಿಂದ ನೀತಿಶತಕಗಳನ್ನು ಬೋಧಿಸುತ್ತಿರುವವನು ಪರರ ಲಕೋಟೆಯನ್ನು ಬಿಚ್ಚುವುದು ಹೇಗೆ?

ಅದು ನನ್ನ ತಂಗಿಯ ಮಗಳ ಮೊದಲ ಸಂಪಾದನೆ. ಹುಡುಗಿ ನಮ್ಮ ಮನೆಯಲ್ಲಿದ್ದುಕೊಂಡು ಬೆಂಗಳೂರಿನಲ್ಲಿ ಓದುತ್ತಾಳೆ. ಏಳನೆಯ ವಯಸ್ಸಿನಿಂದ ಪಿಯಾನೊ ಕಲಿತವಳು. ಲಂಡನ್ನಿನ ಮಂಡಲಿಯವರು ಇಲ್ಲಿ ನಡೆಸುವ ಪರೀಕ್ಷೆಗಳಲ್ಲಿ ಎಂಟನೆಯ ಗ್ರೇಡನ್ನು ಮುಗಿಸಿದವಳು. ಅವಳು ಒಬ್ಬಳೇ ಕುಳಿತು ನುಡಿಸುವಾಗ ನನ್ನಂಥ ಅರಸಿಕನೂ ಪತ್ರಿಕೆಯನ್ನು ಮಡಿಸಿಡುತ್ತಾನೆ. ಹೀಗಿರುವಾಗ ಪಿಟೀಲು ಕಲಿಯುವ ಹನ್ನೊಂದು ವರ್ಷದ ಹುಡುಗನೊಬ್ಬನಿಗೆ ಜೊತೆಯಲ್ಲಿ ನುಡಿಸಬೇಕೆಂದು ಅವನ ತಾಯಿ ಬಂದು ಕೇಳಿದರು. ಆ ಪರೀಕ್ಷೆಗಳಲ್ಲಿ ಅಭ್ಯರ್ಥಿಯೇ ತನ್ನ ಪಕ್ಕವಾದ್ಯವನ್ನು ಕರೆದುಕೊಂಡು ಹೋಗಬೇಕಂತೆ. ಪರೀಕ್ಷೆಗೆ ಇನ್ನೂ ಎರಡು ತಿಂಗಳಿತ್ತು. ಅದಕ್ಕೆ ಮುಂಚೆ ಮಕ್ಕಳದೊಂದು ಸಣ್ಣ ಕಚೇರಿ. ನುಡಿಸಬೇಕಾದದ್ದು ವಿವಾಲ್ಡಿಯ ಎ ಮೈನರ್ ಕನ್ಸರ್ಟೊ, 1711ರಲ್ಲಿ ಅಚ್ಚಾದದ್ದು. ಪಿಟೀಲು ಕಲಿಯುವ ಮಕ್ಕಳೆಲ್ಲ ಒಂದಲ್ಲ ಒಂದು ದಿನ ಹಾದುಹೋಗುವ ಊರಬಾಗಿಲು ಅದು. ನಮ್ಮ ಹುಡುಗಿ ಸ್ವರಲಿಪಿಯನ್ನು ನೋಡಿ, "ಇಷ್ಟೇನಾ!" ಎಂದಳು.

ಕಚೇರಿಯ ದಿನ ನಾನೂ ಹೋಗಿದ್ದೆ. ಅರ್ಧ ದಾರಿ ಚೆನ್ನಾಗಿಯೇ ಸಾಗಿತು. ಒಂದು ಕಡೆ ಇವಳ ಬೆರಳು ಪಕ್ಕದ ಮನೆಗೆ ಜಾರಿತು. ಒಂದೇ ಒಂದು ಸ್ವರ. ನನಗಂತೂ ತಿಳಿಯಲೇ ಇಲ್ಲ. ಆದರೆ ಇವಳು, ಒಬ್ಬಳೇ ಅಭ್ಯಾಸ ಮಾಡುವಾಗ ಹನ್ನೊಂದು ವರ್ಷ ಮಾಡಿದಂತೆ, ಒಂದು ಹೆಜ್ಜೆ ಹಿಂದಕ್ಕೆ ಹೋಗಿ ಅದನ್ನು ತಿದ್ದಿದಳು. ಹುಡುಗ ಮುಂದಕ್ಕೆ ಹೋಗಿದ್ದ. ಇವಳನ್ನು ಹುಡುಕಿಕೊಂಡು ಹಿಂದಕ್ಕೆ ಬಂದ. ಅಷ್ಟರಲ್ಲಿ ಇವಳು ಅವನನ್ನು ಹುಡುಕಿಕೊಂಡು ಮುಂದಕ್ಕೆ ಓಡಿದ್ದಳು. ಜಾತ್ರೆಯಲ್ಲಿ ತಾಯಿಮಕ್ಕಳು ತಪ್ಪಿಸಿಕೊಳ್ಳುವುದು ಹೀಗೆಯೇ. ಹುಡುಗ ಕಮಾನನ್ನು ಇಳಿಸಿ, ಸಭೆಯನ್ನು ನೋಡಿ, ಅಳುವುದಕ್ಕೆ ಪ್ರಾರಂಭಿಸಿದ. ಆಮೇಲೆ ಆ ತಾಯಿ ಮಾತಿಲ್ಲದೆ ಲಕೋಟೆಯನ್ನು ಇವಳ ಕೈಗಿಟ್ಟು ಮಗನನ್ನು ಕರೆದುಕೊಂಡು ಹೊರಟುಹೋದರು. ಬೈದಿದ್ದರೆ ಎಷ್ಟೋ ವಾಸಿಯಾಗಿತ್ತು.

"ಮಾವ, ಇದನ್ನ ವಾಪಸ್ ಕೊಟ್ಟುಬಿಡಿ. ನಾನು ಇನ್ನು ಯಾರ ಜೊತೆಗೂ ನುಡಿಸೋಲ್ಲ" ಎಂದಳು ರಾತ್ರಿ. ವಾಪಸು ಕೊಡುವ ಧೈರ್ಯ ನನಗೂ ಇರಲಿಲ್ಲ. ಹಾಗೆ ಅದು ನಿಘಂಟಿನ ಮೇಲೆ ಕುಳಿತಿತು.

ನನಗೆ ಅವಳ ಸಂಕಟ ಅರ್ಥವಾಗುವುದಕ್ಕೆ ಒಂದು ಕಾರಣವುಂಟು. ಕೆಲಸಕ್ಕೆ ಸೇರಿದ ಹೊಸದರಲ್ಲಿ, ಒಬ್ಬ ಹಿರಿಯ ಗಮಕಿಗಳು ಕುಮಾರವ್ಯಾಸನ ಉದ್ಯೋಗ ಪರ್ವವನ್ನು ಓದುವಾಗ ವ್ಯಾಖ್ಯಾನಕ್ಕೆ ನನ್ನನ್ನು ಕೂರಿಸಿಕೊಂಡಿದ್ದರು. ಎಂ.ಎ. ಪದವಿಯ ಶಾಖ ಇನ್ನೂ ಆರಿರಲಿಲ್ಲ. ಅವರು ಒಂದು ಷಟ್ಪದಿಯನ್ನು ಹಾಡಿದರೆ ನಾನು ಕಾಲು ಗಂಟೆ ಮಾತನಾಡಿದೆ. ರೂಪಕವೆಂದೆ, ಪಾಠಾಂತರವೆಂದೆ, ಗ್ರೀಕರ ಮಹಾಕಾವ್ಯವನ್ನೂ ಬಿಡಲಿಲ್ಲ. ನಲವತ್ತು ಪದ್ಯ ಹಾಡಲು ಸಿದ್ಧರಾಗಿ ಬಂದಿದ್ದವರು ಎಂಟು ಹಾಡಿ ಮಂಗಳಕ್ಕೆ ಇಳಿದರು. ಜನ ಚಪ್ಪಾಳೆ ತಟ್ಟಿದರು, ನಾನು ಹಿಗ್ಗಿದೆ. ಕಾಫಿ ಕುಡಿಯುತ್ತ ಆ ಹಿರಿಯರು ಬಹಳ ಮೃದುವಾಗಿ, "ಮೇಷ್ಟ್ರೇ, ಈವತ್ತು ನಿಮಗೆ ಪಕ್ಕವಾದ್ಯ ನುಡಿಸುವ ಭಾಗ್ಯ ನನ್ನದಾಯಿತು" ಎಂದರು. ಆ ಕಾಫಿಯ ಬಿಸಿ ಇನ್ನೂ ನಾಲಗೆಯ ಮೇಲಿದೆ.

ಇದನ್ನು ಹುಡುಗಿಗೆ ಹೇಳಿದೆ. ನಕ್ಕಳು, ಆದರೆ ಪಿಯಾನೊದ ಮುಚ್ಚಳ ತೆಗೆಯಲಿಲ್ಲ. ತೆಗೆಸಿದವರು ಅವಳ ಟೀಚರು. ಕಂಟೋನ್ಮೆಂಟಿನ ಕಡೆಯ ಮುದುಕಿ. ಚಿಕ್ಕಂದಿನಿಂದ ಮದುವೆಗಳಿಗೆ, ಗಾಯನತಂಡಗಳಿಗೆ, ಮಕ್ಕಳ ಪರೀಕ್ಷೆಗಳಿಗೆ ನುಡಿಸಿಯೇ ಬದುಕಿದವರು. ಅವರು ಸಮಾಧಾನ ಹೇಳಲಿಲ್ಲ. "ನಿನಗೆ ನುಡಿಸೋದು ಬರುತ್ತೆ, ಕೇಳೋದು ಬರೋಲ್ಲ. ಕೇಳೋದು ಆರು ವಾರದಲ್ಲಿ ಬರುತ್ತೆ, ಬಾ" ಎಂದರಂತೆ.

ಪಾಠ ವಿಚಿತ್ರವಾಗಿತ್ತು. ಮೊದಲ ವಾರ ಅವಳು ತನ್ನ ಭಾಗವನ್ನು ಮುಟ್ಟಲೇ ಕೂಡದು. ಪಿಟೀಲಿನ ಸಾಲನ್ನು ಬಾಯಲ್ಲಿ ಹಾಡಿ ಕಲಿಯಬೇಕು. ಆಮೇಲೆ ಅದನ್ನು ಹಾಡಿಕೊಂಡೇ ಎಡಗೈ ಮಾತ್ರ ನುಡಿಸಬೇಕು. ಬಲಗೈಗೆ ಅನುಮತಿ ಬಂದದ್ದು ಎರಡನೆಯ ವಾರದ ಕೊನೆಗೆ, ಅದೂ "ಎಷ್ಟು ಬಿಡಬಹುದೋ ಅಷ್ಟು ಬಿಡು" ಎಂಬ ಷರತ್ತಿನ ಮೇಲೆ. ಹುಡುಗಿಗೆ ಇದು ಅನ್ಯಾಯವಾಗಿ ಕಂಡಿತು. ಅಚ್ಚಾದ ಸ್ವರವನ್ನು ಬಿಡುವುದೆಂದರೆ ಅವಳ ಪಾಲಿಗೆ ಪಾಪ. ಟೀಚರ ವಾದ ಬೇರೆ: ಕನ್ಸರ್ಟೊದಲ್ಲಿ ಪಿಯಾನೊ ನುಡಿಸುವುದು ಪಿಯಾನೊಗೆಂದು ಬರೆದದ್ದನ್ನಲ್ಲ, ಒಂದು ವಾದ್ಯವೃಂದದ ಕೆಲಸವನ್ನು ಎರಡು ಕೈಗಳಿಗೆ ಹಿಂಡಿ ಕೊಟ್ಟಿದ್ದಾರೆ. ಕೆಳಗಿನ ಸ್ವರ ಮತ್ತು ಕಾಲ, ಇವೆರಡು ತಪ್ಪದಿದ್ದರೆ ಉಳಿದದ್ದು ಪಲ್ಯದ ಮೇಲಿನ ಕೊತ್ತಂಬರಿ. ಬೆರಳು ಜಾರಿದರೆ ಜಾರಲಿ, ಕಾಲು ನಿಲ್ಲಬಾರದು.

ನಾಲ್ಕನೆಯ ವಾರ ನನಗೂ ಕರೆ ಬಂತು. ಹುಡುಗ ಮಧ್ಯದಲ್ಲಿ ಎರಡು ಬಾರು, ಎಂದರೆ ನಮ್ಮ ಲೆಕ್ಕದಲ್ಲಿ ಎರಡು ಆವರ್ತ, ಹಾರಿಬಿಟ್ಟರೆ ಏನು ಮಾಡುವುದು? ಅಭ್ಯಾಸಕ್ಕೆ ಯಾರಾದರೂ ಬೇಕೆಂದೇ ತಪ್ಪಿ ಹಾಡಬೇಕು. "ಮಾವ, ನೀವೇ ಹಾಡಿ" ಎಂದಳು. ತಾಳ ತಪ್ಪಿಸುವುದಕ್ಕೆ ನನಗೆ ಪೂರ್ವಸಿದ್ಧತೆ ಬೇಕಾಗಿರಲಿಲ್ಲ. ವಿವಾಲ್ಡಿ ಮಹಾಶಯನ ರಾಗವನ್ನು ಲಲಲಾ ಎಂದು ಶುರುಮಾಡಿ ಎಲ್ಲೆಲ್ಲಿಯೋ ನಿಂತೆ, ಎಲ್ಲೆಲ್ಲಿಯೋ ಓಡಿದೆ. ಮೊದಮೊದಲು ಅವಳು ಎಡವಿದಳು. ನಾಲ್ಕಾರು ದಿನಗಳಲ್ಲಿ ನಾನು ಎಲ್ಲಿಗೆ ಹೋದರೂ ಪಿಯಾನೊ ನನಗಿಂತ ಮುಂಚೆ ಅಲ್ಲಿಗೆ ಬಂದು ಕಾದಿರುತ್ತಿತ್ತು. ಹೇಗೆ ಎಂದರೆ, "ನೀವು ಹಾರೋದಕ್ಕೆ ಮುಂಚೆ ಉಸಿರು ತೊಗೋತೀರ, ಮಾವ" ಎಂದಳು. ನಲವತ್ತೇಳು ವರ್ಷ ಉಸಿರಾಡಿದ್ದೇನೆ. ಅದನ್ನು ಒಬ್ಬರು ಕಿವಿಗೊಟ್ಟು ಕೇಳಿದ್ದು ಅದೇ ಮೊದಲು.

ಆ ದಿನಗಳಲ್ಲಿ ಜೆರಾಲ್ಡ್ ಮೂರ್ ಎಂಬ ಇಂಗ್ಲಿಷ್ ಪಿಯಾನೊವಾದಕರ ವಿಷಯ ಓದಿದೆ. ಜೀವಮಾನವೆಲ್ಲ ಗಾಯಕರ ಪಕ್ಕದಲ್ಲಿ ಕುಳಿತವರು. ಜಾನ್ ಕೋಟ್ಸ್ ಎಂಬ ಗಾಯಕರಿಂದ ಬೈಸಿಕೊಂಡು ಕಲಿತರು. ಅವರ ಆತ್ಮಕಥೆಯ ಹೆಸರೇ 'ನನ್ನ ಸದ್ದು ಹೆಚ್ಚಾಯಿತೆ?' ಎಂಬರ್ಥದ್ದು, 1962ರಲ್ಲಿ ಬಂತು. 1967ರಲ್ಲಿ ಲಂಡನ್ನಿನಲ್ಲಿ ಅವರ ವಿದಾಯದ ಕಚೇರಿಗೆ ಹಾಡಲು ಬಂದವರು ಮೂವರು ದೊಡ್ಡ ಗಾಯಕರು. ಅವರಲ್ಲಿ ಒಬ್ಬರು ಎಲಿಜಬೆತ್ ಶ್ವಾರ್ಟ್ಸ್‌ಕಾಫ್. ಈ ಹೆಸರನ್ನು ಕಂಡೊಡನೆ ನನಗೆ ಮೈಸೂರು ನೆನಪಾಯಿತು. ಪಿಯಾನೊ ಎಂದರೆ ಪರದೇಶದ್ದು ಎಂದು ಮೂಗು ಮುರಿಯುವವರಿಗೆ ಹೇಳುತ್ತೇನೆ: ನಮ್ಮ ಜಯಚಾಮರಾಜ ಒಡೆಯರು ಸ್ವತಃ ಪಿಯಾನೊ ಕಲಿತವರು. ರಷ್ಯದ ಮೆಟ್ನರ್ ಎಂಬ ಸಂಗೀತಕಾರ ಇಂಗ್ಲೆಂಡಿನಲ್ಲಿ ಮುಪ್ಪಿನಲ್ಲಿದ್ದಾಗ ಅವನ ಕೃತಿಗಳನ್ನು ಧ್ವನಿಮುದ್ರಿಸಲು ಹಣ ಕೊಟ್ಟವರು ಅವರೇ. 1950ರಲ್ಲಿ ಇದೇ ಶ್ವಾರ್ಟ್ಸ್‌ಕಾಫ್ ಮೆಟ್ನರನ ಹಾಡುಗಳನ್ನು ಹಾಡಿದರು. ಪಕ್ಕದಲ್ಲಿ ಪಿಯಾನೊ ನುಡಿಸಿದವನು ಮೆಟ್ನರನೇ. ಹಾಡನ್ನು ಕಟ್ಟಿದವನೇ ಪಕ್ಕವಾದ್ಯಕ್ಕೆ ಕುಳಿತ. ನಮ್ಮ ಚೌಡಯ್ಯನವರಾದರೂ ಪಿಟೀಲಿಗೆ ಏಳು ತಂತಿ ಕಟ್ಟಿದ್ದು, ಧ್ವನಿವರ್ಧಕವಿಲ್ಲದ ಸಭೆಯಲ್ಲಿ ಹಿಂದಿನ ಸಾಲಿನವರಿಗೂ ನಾದ ಮುಟ್ಟಲೆಂದು.

ಹಣದ ಮಾತಿಗೆ ಬರೋಣ. ಊರಿನಿಂದ ಬಂದಿದ್ದ ತಂಗಿ ಲಕೋಟೆಯನ್ನು ನೋಡಿ, "ಅಣ್ಣ, ಮಗೂಗೆ ನುಡಿಸೋದಕ್ಕೂ ದುಡ್ಡು ತೊಗೋಳೋದೇ? ಸರಸ್ವತಿಯನ್ನ ಮಾರಿದ ಹಾಗಾಗೋಲ್ಲವೇ?" ಎಂದಳು. ನಾನೂ ತಲೆಯಾಡಿಸಿದೆ. ಹುಡುಗಿ ಮೆಲ್ಲಗೆ, "ಹೋದ ಭಾನುವಾರ ಪಂಪನ ಮೇಲೆ ಭಾಷಣ ಮಾಡಿದ್ದಕ್ಕೆ ಮಾವನಿಗೆ ಕವರು ಬಂತಲ್ಲ" ಎಂದಳು. ಹೌದು, ಬಂದಿತ್ತು; ಆಟೋ ಬಾಡಿಗೆ ಬೇರೆ. ಟೀಚರ ನಿಲುವು ಇನ್ನೂ ಖಂಡಿತ. "ನಿನಗೆ ಮಾವನ ಮನೆ ಊಟ ಇದೆ, ನೀನು ಪುಕ್ಕಟೆ ನುಡಿಸಬಹುದು. ನಾಳೆ ಇದರಲ್ಲೇ ಅನ್ನ ತಿನ್ನೋಳು ಬಂದು ಕೇಳಿದರೆ, ಆ ಹುಡುಗಿ ಪುಕ್ಕಟೆ ಬರ್ತಾಳಲ್ಲ ಅಂತಾರೆ" ಎಂದರಂತೆ. ಅಭ್ಯಾಸ ಎಷ್ಟು ಸಲ, ಎಷ್ಟು ಹೊತ್ತು, ಪರೀಕ್ಷೆಯ ದಿನಕ್ಕೆ ಎಷ್ಟು ಎಂದು ಮೊದಲೇ ಹೇಳುವುದನ್ನೂ ಅವರು ಸ್ವರದಷ್ಟೇ ಶ್ರದ್ಧೆಯಿಂದ ಕಲಿಸಿದರು. ಫೋನಿನಲ್ಲಿ ಮೊತ್ತವನ್ನು ಹೇಳುವಾಗ ಗಂಟಲು ಒಣಗಬಾರದೆಂದು ನನ್ನ ಮುಂದೆ ನಿಲ್ಲಿಸಿ ಅಭ್ಯಾಸ ಮಾಡಿಸಿದ್ದೂ ಉಂಟು. ನಾನು ಪ್ರತಿಸಲವೂ ಚೌಕಾಸಿ ಮಾಡಿದೆ. ಒಂದು ಸಲವೂ ಗೆಲ್ಲಲಿಲ್ಲ.

ಹುಡುಗನ ಮನೆಗೆ ಅವಳೇ ಹೋದಳು. ಹಳೆಯ ಲಕೋಟೆಯನ್ನು ಆ ತಾಯಿಯ ಮುಂದಿಟ್ಟು, "ಅವತ್ತಿನದು ನನ್ನ ತಪ್ಪು, ಇವನದಲ್ಲ" ಎಂದು ಹುಡುಗನ ಎದುರಿನಲ್ಲಿಯೇ ಹೇಳಿದಳಂತೆ. ಅವರು ಸ್ವಲ್ಪ ಹೊತ್ತು ಯೋಚಿಸಿ, ಲಕೋಟೆಯನ್ನು ತೆಗೆದುಕೊಂಡರು. ಮಗನನ್ನು ಇನ್ನೊಮ್ಮೆ ಒಪ್ಪಿಸಿದರು.

ಪರೀಕ್ಷೆಯ ದಿನ ನಾನು ಹೊರಗೆ ಬೆಂಚಿನ ಮೇಲೆ ಕುಳಿತಿದ್ದೆ. ಬಾಗಿಲು ಮುಚ್ಚಿತ್ತು. ಶ್ರುತಿಗೆ ಪಿಯಾನೊದ 'ಎ' ಕೇಳಿಸಿತು; ಪಿಟೀಲು ಹುಡುಕಿಕೊಂಡು ಬಂದು ಅದಕ್ಕೆ ಸೇರಿತು. ಆಮೇಲೆ ನನಗೆ ಬಾಯಿಪಾಠವಾಗಿಹೋಗಿದ್ದ ರಾಗ. ನಡುವೆ ಒಂದು ಕಡೆ ಏನೋ ಕಡಮೆಯಾದಂತೆ ಅನಿಸಿತು, ಆದರೆ ನಿಲ್ಲಲಿಲ್ಲ. ಬಾಗಿಲು ತೆರೆದಾಗ ಹುಡುಗ ನಮ್ಮವಳ ಕಡೆ ತಿರುಗಿಯೂ ನೋಡದೆ, "ಅಮ್ಮಾ, ಒಂದೂ ತಪ್ಪಾಗಲಿಲ್ಲ!" ಎಂದು ಓಡಿದ.

"ಎರಡು ಬಾರು ಹಾರಿದ, ಮಾವ" ಎಂದಳು ಇವಳು ಆಟೋದಲ್ಲಿ, ಕಣ್ಣಲ್ಲಿ ನೀರು ಬರುವಷ್ಟು ನಗುತ್ತ.

ಈಗ ಅವಳ ಹತ್ತಿರ ಒಂದು ನೋಟುಬುಕ್ಕಿದೆ: ತಾರೀಖು, ಹೆಸರು, ಕೃತಿ, ಹಣ. ನಿನ್ನೆ ಯಾರೋ ಗಾಯಕಿ ಫೋನು ಮಾಡಿ ಶೂಬರ್ಟನ ಹಾಡೊಂದನ್ನು ಶ್ರುತಿ ಇಳಿಸಿ ನುಡಿಸಬೇಕೆಂದರು. ಮೊತ್ತವನ್ನು ಹೇಳುವಾಗ ಇವಳ ಗಂಟಲು ಒಣಗಲಿಲ್ಲ. ಅಡಿಗೆಮನೆಯಿಂದ ಕೇಳುತ್ತಿದ್ದ ನನ್ನದು ಒಣಗಿತು. ಫೋನಿಟ್ಟು ಬಂದು, "ಮಾವ, ನಾಳೆ ಸಾಯಂಕಾಲ ನಿಮಗೆ ಬಿಡುವಿದೆಯೇ? ಸ್ವಲ್ಪ ತಪ್ಪಾಗಿ ಹಾಡಬೇಕಾಗಿತ್ತು" ಎಂದಳು.